ಹಳೆ ಬೈಕಿಗೆ ಬಣ್ಣ ಹೊಡೆಯುವುದು ಕೊನೆಯ ಕೆಲಸ

ಮಾನ್ಯ ಸಂಪಾದಕರೇ,

ಹಳೆಯ ಮೋಟಾರ್ ಸೈಕಲನ್ನು ಮನೆಯ ಗ್ಯಾರೇಜಿನಲ್ಲೇ ಮೊದಲಿನಂತೆ ಮಾಡಿಕೊಳ್ಳುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಉತ್ಸಾಹ ಹುಟ್ಟಿಸುವಂತಿತ್ತು, ಚಿತ್ರಗಳೂ ಚೆನ್ನಾಗಿದ್ದವು. ಆದರೆ ಅದರಲ್ಲಿ ಹೇಳಿದ ಕ್ರಮ ಪೂರಾ ತಲೆಕೆಳಗಾಗಿದೆ. ಗಾಡಿಯನ್ನು ಪೂರ್ತಿ ಬಿಚ್ಚಿ, ಫ್ರೇಮಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ, ಬಣ್ಣ ಹೊಡೆಸಿ, ಕ್ರೋಮ್ ಮಾಡಿಸಿ, ಆಮೇಲೆ ಬಿಡುವಾದಾಗ ಎಂಜಿನ್ ಕಡೆ ನೋಡಿ ಎಂಬುದು ಆ ಬರಹದ ಸಾರಾಂಶ. ಹಾಗೆ ಶುರು ಮಾಡಿದ ಗಾಡಿಗಳು ಬಹುಪಾಲು ರಟ್ಟಿನ ಡಬ್ಬಗಳಲ್ಲೇ ಉಳಿದು, ಕೊನೆಗೆ 'ಅರ್ಧ ಕೆಲಸ ಆಗಿದೆ' ಎಂಬ ಮಾತಿನೊಂದಿಗೆ ಇನ್ನೊಬ್ಬರಿಗೆ ಮಾರಾಟವಾಗುತ್ತವೆ. ಡಬ್ಬದಿಂದ ಹೊರಬಂದವೂ ಹೊಸ ಬಣ್ಣದ ಮೇಲೆ ಸ್ಪ್ಯಾನರ್ ಗೀರು, ಮರೆತುಹೋದ ಬ್ರ್ಯಾಕೆಟ್ಟಿಗೆ ಮಾಡಿಸಿದ ವೆಲ್ಡಿಂಗಿನ ಸುಟ್ಟ ಕಲೆ ಹೊತ್ತುಕೊಂಡೇ ಬರುತ್ತವೆ. ಬಣ್ಣ ಕೊನೆಯ ಕೆಲಸ. ಅದಕ್ಕೆ ಮುಂಚೆ ಇಡೀ ಗಾಡಿ ಬಣ್ಣವಿಲ್ಲದೆಯೇ ಒಮ್ಮೆ ಜೋಡಣೆಯಾಗಬೇಕು, ಎಂಜಿನ್ ಓಡಬೇಕು, ಬ್ರೇಕ್ ಹಿಡಿಯಬೇಕು. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಓದುಗರಿಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಒಂದು ಸ್ಪ್ಯಾನರನ್ನೂ ಮುಟ್ಟದೆ ಮಾಡುವ ಕೆಲಸ. ಎಂಜಿನ್ ನಂಬರ್, ಫ್ರೇಮ್ ನಂಬರ್ ಎರಡೂ ನೋಂದಣಿ ದಾಖಲೆಯಲ್ಲಿರುವುದಕ್ಕೆ ಹೊಂದುತ್ತವೆಯೇ ನೋಡಿ. ತುಕ್ಕಿನ ಕೆಳಗೆ ನಂಬರ್ ಕಾಣದಿದ್ದರೆ ಗ್ರೈಂಡರ್ ಹಿಡಿಯಬೇಡಿ; ತುಕ್ಕು ತೆಗೆಯುವ ದ್ರಾವಣ ಸವರಿ ಹಿತ್ತಾಳೆಯ ಬ್ರಷ್‌ನಿಂದ ತಿಕ್ಕಿ. ಉಜ್ಜಿ ಸವೆಸಿದ ನಂಬರಿನ ಗಾಡಿ ಎಷ್ಟೇ ಹೊಳೆದರೂ ಅನುಮಾನಕ್ಕೆ ಒಳಗಾಗುವುದು ತಪ್ಪದು. ಆಮೇಲೆ ಗಾಡಿ ಇರುವ ಸ್ಥಿತಿಯಲ್ಲೇ ಫೋಟೋ ತೆಗೆಯಿರಿ. ನಾಲ್ಕು ಕಡೆಯಿಂದ ನಾಲ್ಕು ಫೋಟೋ ಸಾಲದು. ಕ್ಲಚ್ ಕೇಬಲ್ ಸ್ಟೀರಿಂಗ್ ಹೆಡ್ಡಿನ ಎಡಕ್ಕೆ ಹೋಗುತ್ತದೋ ಬಲಕ್ಕೋ, ಹಾರ್ನ್ ವೈರು ಟ್ಯಾಂಕಿನ ಕೆಳಗೆ ಯಾವ ಕ್ಲಿಪ್ಪಿನಲ್ಲಿ ಕೂತಿದೆ, ಮಡ್‌ಗಾರ್ಡ್ ಸ್ಟೇ ಫೋರ್ಕಿನ ಒಳಗಿದೆಯೋ ಹೊರಗಿದೆಯೋ, ಆಕ್ಸಲ್ಲಿನ ವಾಷರ್ ಯಾವ ಕಡೆ ದಪ್ಪ, ಇಂಥವು ಬೇಕು. ಆರು ತಿಂಗಳ ನಂತರ ಉತ್ತರ ಕೊಡುವುದು ಈ ಫೋಟೋಗಳೇ, ನೆನಪಲ್ಲ.

ಬಿಚ್ಚುವ ಮುಂಚೆ ಗಾಡಿಯ ನಟ್ಟು ಬೋಲ್ಟುಗಳಿಗೆ ಯಾವ ಅಳತೆಯ ಥ್ರೆಡ್ (ತಿರುಪಿನ ಸುತ್ತು) ಇದೆ ಎಂದು ತಿಳಿದುಕೊಳ್ಳಿ. ಹಳೆ ಬೈಕುಗಳ ನಟ್ಟು ಬೋಲ್ಟು ಹಾಳಾಗುವುದಕ್ಕೆ ಅರ್ಧ ಕಾರಣ ತುಕ್ಕಲ್ಲ, ತಪ್ಪು ಸ್ಪ್ಯಾನರ್. ಬಿಎಸ್‌ಎ, ಟ್ರಯಂಫ್, ನಾರ್ಟನ್, ಹಳೆಯ ರಾಯಲ್ ಎನ್‌ಫೀಲ್ಡ್‌ಗಳಲ್ಲಿ ವಿಟ್ವರ್ತ್, ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಮತ್ತು ಸೈಕಲ್ ಥ್ರೆಡ್ ಮೂರೂ ಒಂದೇ ಗಾಡಿಯಲ್ಲಿ ಸಿಗಬಹುದು. 1841ರಲ್ಲಿ ಜೋಸೆಫ್ ವಿಟ್ವರ್ತ್ ನಿಗದಿ ಮಾಡಿದ ಥ್ರೆಡ್ಡಿನ ಕೋನ 55 ಡಿಗ್ರಿ. ಸೈಕಲ್ ಥ್ರೆಡ್ 60 ಡಿಗ್ರಿ, ಬಹುತೇಕ ಅಳತೆಗಳಲ್ಲಿ ಇಂಚಿಗೆ 26 ಸುತ್ತು. ಹಾಗಾಗಿ ಒಂದರ ನಟ್ಟು ಇನ್ನೊಂದಕ್ಕೆ ಎರಡು ಸುತ್ತು ಹತ್ತಿ ಆಮೇಲೆ ಬಿಗಿಯಾಗುತ್ತದೆ. ಅಲ್ಲಿ ಬಲ ಹಾಕಿದರೆ ಕೇಸಿಂಗಿನ ಥ್ರೆಡ್ ಹೋಯಿತೆಂದೇ ಲೆಕ್ಕ. ವಿಟ್ವರ್ತ್ ಸ್ಪ್ಯಾನರಿನ ಮೇಲಿರುವ ಅಳತೆ ಬೋಲ್ಟಿನ ವ್ಯಾಸದ್ದು, ನಟ್ಟಿನ ಅಗಲದ್ದಲ್ಲ. ಕಾಲು ಇಂಚಿನ ವಿಟ್ವರ್ತ್ ನಟ್ಟಿನ ಅಗಲ 0.525 ಇಂಚು, ಅಂದರೆ 13.3 ಮಿ.ಮೀ. ಹದಿಮೂರರ ಸ್ಪ್ಯಾನರ್ ಅದಕ್ಕೆ ಹತ್ತುವುದಿಲ್ಲ, ಹದಿನಾಲ್ಕರದ್ದು ಮೂಲೆಗಳನ್ನು ಸವೆಸುತ್ತದೆ. ಜಾವಾದಂಥ ಯುರೋಪಿನ ಗಾಡಿಗಳದ್ದು ಮೆಟ್ರಿಕ್, ಅಲ್ಲಿ ಈ ಗೊಂದಲವಿಲ್ಲ. ಜಪಾನಿನ ಹಳೆ ಗಾಡಿಗಳಲ್ಲಿ ಬೇರೆಯೇ ತೊಂದರೆ: ಕೇಸಿಂಗ್ ಕವರಿನ ಸ್ಕ್ರೂಗಳು ನೋಡಲು ಫಿಲಿಪ್ಸ್ ಥರ ಇದ್ದರೂ ಜಪಾನಿ ಮಾನದಂಡದವು (ಜೆಐಎಸ್). ಮಾಮೂಲಿ ಸ್ಕ್ರೂ ಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಮೇಲಕ್ಕೆ ಜಾರಿ ತಲೆಯನ್ನು ಕೆಡಿಸುತ್ತದೆ. ಜೆಐಎಸ್ ತುದಿಯ ಡ್ರೈವರ್ ಮತ್ತು ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಇಟ್ಟುಕೊಂಡರೆ ಮುಕ್ಕಾಲು ಸ್ಕ್ರೂಗಳು ತಲೆ ಕಳೆದುಕೊಳ್ಳದೆ ಬರುತ್ತವೆ.

ಬಹಳ ವರ್ಷ ನಿಂತ ಎಂಜಿನ್ ಸೀಜ್ ಆಗಿದ್ದರೆ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿದ್ದರೆ, ಕಿಕ್ಕರ್ ಮೇಲೆ ಹತ್ತಿ ಕುಣಿಯಬೇಡಿ. ಪಿಸ್ಟನ್ ಬಿಡುವ ಮುಂಚೆ ಕಿಕ್‌ಸ್ಟಾರ್ಟ್ ರ‍್ಯಾಚೆಟ್ಟಿನ ಹಲ್ಲು ಮುರಿಯುತ್ತದೆ. ಪ್ಲಗ್ ತೆಗೆದು ಸಿಲಿಂಡರಿನೊಳಗೆ ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಸಮಪಾಲಿನ ಮಿಶ್ರಣವನ್ನು 50 ಮಿ.ಲೀ.ನಷ್ಟು ಸುರಿದು ಬಿಡಿ. ಅಸಿಟೋನ್ ಆವಿಯಾಗುತ್ತದೆ, ಬೆಂಕಿಯನ್ನು ದೂರವಿಡಿ, ದಿನಕ್ಕೊಮ್ಮೆ ಮತ್ತೆ ಸ್ವಲ್ಪ ಸೇರಿಸಿ. ನಾಲ್ಕೈದು ದಿನ ಕಳೆದ ಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ಅಲುಗಿಸಿ. ಕೂದಲೆಳೆಯಷ್ಟು ಅಲುಗಾಡಿದರೂ ಸಾಕು, ಮಿಕ್ಕದ್ದು ಎರಡು ದಿನದಲ್ಲಿ ಬಿಡುತ್ತದೆ. ಬಿಟ್ಟಿತೆಂದು ಆ ಕ್ಷಣವೇ ಸ್ಟಾರ್ಟ್ ಮಾಡುವ ಆಸೆ ಬೇಡ. ರಿಂಗುಗಳು ಪಿಸ್ಟನ್ನಿನ ತೋಡಿನಲ್ಲೇ ಅಂಟಿಕೊಂಡಿರುತ್ತವೆ, ಸಿಲಿಂಡರಿನ ಗೋಡೆಯಲ್ಲಿ ತುಕ್ಕಿನ ಗುಳಿ ಬಿದ್ದಿರುತ್ತದೆ. ಹೆಡ್ ತೆಗೆದು ನೋಡಲೇಬೇಕು.

ನಾನು ಹೆಚ್ಚು ಒತ್ತು ಕೊಡುವುದು ಅಳತೆಗೆ. ಸಿಲಿಂಡರ್ ಕಣ್ಣಿಗೆ ಹೊಳೆಯುತ್ತಿದೆ ಎಂದರೆ ಏನೂ ಹೇಳಿದಂತಾಗಲಿಲ್ಲ. ಬೋರ್ (ಸಿಲಿಂಡರಿನ ಒಳವ್ಯಾಸ) ಗೇಜಿನಿಂದ ಮೇಲೆ, ನಡುವೆ, ಕೆಳಗೆ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಮುಂದೆ-ಹಿಂದೆ ಮತ್ತು ಎಡ-ಬಲ ಅಳೆಯಿರಿ. ಆರು ಅಂಕಿಗಳಾದವು. ಸವೆತ ಹೆಚ್ಚಿರುವುದು ರಿಂಗು ನಿಂತು ತಿರುಗುವ ಮೇಲ್ಭಾಗದಲ್ಲಿ, ಅದೂ ಮುಂದೆ-ಹಿಂದೆ ದಿಕ್ಕಿನಲ್ಲಿ. ಏಕೆಂದರೆ ಕನೆಕ್ಟಿಂಗ್ ರಾಡ್ ವಾಲಿದಾಗ ಪಿಸ್ಟನ್ ಒತ್ತುವುದು ಆ ಗೋಡೆಗಳನ್ನೇ. ಕೆಳಗಿನ ಸವೆಯದ ಭಾಗಕ್ಕೂ ಮೇಲಿನದಕ್ಕೂ 0.10ರಿಂದ 0.12 ಮಿ.ಮೀ. ವ್ಯತ್ಯಾಸ ಬಂದರೆ ಹೊಸ ರಿಂಗು ಹಾಕಿ ಕೈತೊಳೆದುಕೊಳ್ಳುವುದು ದಂಡ, ರೀಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗನ್ನು ಸ್ವಲ್ಪ ದೊಡ್ಡದಾಗಿ ಕೊರೆಸಿ. ರೀಬೋರಿಗೆ ಕೊಡುವಾಗ ಪಿಸ್ಟನ್ ಮೊದಲು ಕೊಳ್ಳಿ, ಅದನ್ನು ಸಿಲಿಂಡರ್ ಜೊತೆಗೇ ಲೇತ್ ಅಂಗಡಿಗೆ ಕೊಡಿ. ಡಬ್ಬದ ಮೇಲೆ 0.50 ಓವರ್‌ಸೈಜ್ ಎಂದಿದ್ದರೂ ಒಳಗಿರುವ ಪಿಸ್ಟನ್ ಎರಡು ಮೂರು ನೂರಾಂಶ ಹೆಚ್ಚು ಕಡಿಮೆ ಇರಬಹುದು. ಬೋರು ಆ ಪಿಸ್ಟನ್ನಿನ ಅಳತೆಗೆ ಹೊಂದಬೇಕು, ಡಬ್ಬದ ಅಂಕಿಗಲ್ಲ. ಗಾಳಿಯಿಂದ ತಣಿಯುವ, ಎರಕದ ಕಬ್ಬಿಣದ ಸಿಲಿಂಡರಿಗೆ ಮಾಮೂಲಿ ಎರಕದ ಪಿಸ್ಟನ್ ಆದರೆ ವ್ಯಾಸದ ಸಾವಿರದ ಒಂದು ಪಾಲು ಸಂದು ಎಂಬುದು ಹಳೆಯ ಲೆಕ್ಕ: 70 ಮಿ.ಮೀ. ಬೋರಿಗೆ ಸುಮಾರು 0.07 ಮಿ.ಮೀ. ತಯಾರಕರ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಸರಿ. ಬಿಗಿಯಾಗಿದ್ದರೆ ಒಳ್ಳೆಯದೆಂದು ಕಡಿಮೆ ಸಂದು ಬಿಡಿಸುವವರು ಮೊದಲ ಏರಿನಲ್ಲೇ ಸೀಜ್ ಮಾಡಿಕೊಳ್ಳುತ್ತಾರೆ; ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಸಿಲಿಂಡರಿಗಿಂತ ಬೇಗ ಹಿಗ್ಗುತ್ತದೆ.

ರಿಂಗಿನ ಬಾಯಿ ಸಂದನ್ನು ಬಹಳ ಜನ ನೋಡುವುದೇ ಇಲ್ಲ. ಹೊಸ ರಿಂಗನ್ನು ಬರೀ ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ಒತ್ತಿ 25 ಮಿ.ಮೀ. ಕೆಳಕ್ಕೆ ನೇರವಾಗಿ ತಳ್ಳಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. 70 ಮಿ.ಮೀ. ಬೋರಿಗೆ 0.25ರಿಂದ 0.30 ಇರಲಿ. ಕಡಿಮೆ ಇದ್ದರೆ ಬಿಸಿಗೆ ಎರಡು ತುದಿ ಒಂದಕ್ಕೊಂದು ತಾಗಿ ರಿಂಗು ಗೋಡೆಯನ್ನು ಉಳುತ್ತದೆ. ಅರ ಹಾಕಿ ಸರಿಮಾಡಬಹುದು, ಒಂದೇ ತುದಿಯಿಂದ, ಒಳಮುಖವಾಗಿ ಮಾತ್ರ ಉಜ್ಜಿ. ಟೂ ಸ್ಟ್ರೋಕ್ ಆದರೆ ಇನ್ನೆರಡು ಮಾತು: ರಿಂಗಿನ ಬಾಯಿ ಪಿಸ್ಟನ್ನಿನ ತೋಡಿನಲ್ಲಿರುವ ಪಿನ್ನಿಗೆ ಸರಿಯಾಗಿ ಕೂರಬೇಕು, ಮತ್ತು ರೀಬೋರ್ ಆದ ಮೇಲೆ ಪೋರ್ಟುಗಳ ಅಂಚು ಕತ್ತಿಯಂತಿರುತ್ತದೆ, ಅದನ್ನು ಸಣ್ಣಗೆ ಉರುಟು ಮಾಡದಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆ. ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಡ್ಜನ್ ಪಿನ್ನಿನ ಸರ್‌ಕ್ಲಿಪ್ಪುಗಳನ್ನು ಯಾವ ಎಂಜಿನ್ನಿನಲ್ಲೂ ಎರಡನೇ ಸಲ ಬಳಸಬೇಡಿ. ಅಷ್ಟು ಚಿಕ್ಕ ತಂತಿ ಕಳಚಿಕೊಂಡರೆ ಸಿಲಿಂಡರ್ ಪೂರಾ ಹೋಗುತ್ತದೆ.

ಕ್ರ್ಯಾಂಕ್ ನೋಡದೆ ಮೇಲ್ಭಾಗವನ್ನಷ್ಟೇ ಹೊಸದು ಮಾಡುವುದು ಇನ್ನೊಂದು ಅಡ್ಡದಾರಿ. ಪಿಸ್ಟನ್ ಮೇಲಿನ ತುದಿಯಲ್ಲಿದ್ದಾಗ ರಾಡನ್ನು ಹಿಡಿದು ನೇರ ಮೇಲಕ್ಕೂ ಕೆಳಕ್ಕೂ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಟ ಇರಬೇಕಾದದ್ದೇ, ಮೇಲೆ ಕೆಳಗೆ ಟಿಕ್ ಎಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ. ಆಯಿಲ್ ಒಣಗಿರುವಾಗಲೇ ನೋಡಬೇಕು, ಆಯಿಲ್ ತುಂಬಿದ್ದರೆ ಆಟ ಮುಚ್ಚಿಹೋಗುತ್ತದೆ. ಟ್ರಯಂಫ್, ಬಿಎಸ್‌ಎ ಜೋಡಿ ಸಿಲಿಂಡರಿನ ಎಂಜಿನ್ನುಗಳ ಕ್ರ್ಯಾಂಕ್ ಒಳಗೆ ಸ್ಲಡ್ಜ್ ಟ್ರ್ಯಾಪ್ ಎಂಬ ಕೊಳವೆ ಇರುತ್ತದೆ. ಕ್ರ್ಯಾಂಕ್ ತಿರುಗುವ ರಭಸಕ್ಕೆ ಆಯಿಲ್ಲಿನ ಕೊಳೆ ಅದರ ಗೋಡೆಗೆ ಸೇರಿ ವರ್ಷಗಟ್ಟಲೆ ಟಾರಿನಂತೆ ಗಟ್ಟಿಯಾಗುತ್ತದೆ. ಅದು ತುಂಬಿದ ದಿನ ಬಿಗ್ ಎಂಡಿಗೆ ಆಯಿಲ್ ನಿಲ್ಲುತ್ತದೆ. ಬಾಯಿಯ ಬಿರಡೆ ಸ್ಕ್ರೂವನ್ನು ಪಂಚ್ ಹೊಡೆದು ಭದ್ರ ಮಾಡಿರುತ್ತಾರೆ. ಆ ಗುರುತನ್ನು ಡ್ರಿಲ್ಲಿನಿಂದ ತೆಗೆದು, ಬಿಸಿ ಮಾಡಿ, ಇಂಪ್ಯಾಕ್ಟ್ ಡ್ರೈವರಿನಿಂದ ಬಿಚ್ಚಬೇಕು. ಕಷ್ಟದ ಕೆಲಸ, ನಿಜ. ಆದರೆ ಇದನ್ನು ಬಿಟ್ಟು ಕಟ್ಟಿದ ಎಂಜಿನ್ನಿಗೆ ಎಷ್ಟು ಒಳ್ಳೆಯ ಆಯಿಲ್ ಹಾಕಿದರೂ ಆಯುಷ್ಯವಿಲ್ಲ. ವಿಚಿತ್ರವೆಂದರೆ ಇಂದಿನ ಡಿಟರ್ಜೆಂಟ್ ಇರುವ ಒಳ್ಳೆಯ ಆಯಿಲ್ಲೇ ಆ ಹಳೆ ಕೊಳೆಯನ್ನು ಸಡಿಲಿಸಿ ದಾರಿಗೆ ಅಡ್ಡ ತರಬಹುದು.

ಇಲ್ಲಿಯೇ ನಿಮ್ಮ ಬರಹದ ಸ್ಯಾಂಡ್ ಬ್ಲಾಸ್ಟಿಂಗ್ ಸಲಹೆಗೆ ನನ್ನ ದೊಡ್ಡ ತಕರಾರು. ಫ್ರೇಮಿಗೆ ಸರಿ. ಎಂಜಿನ್ ಕೇಸಿಂಗಿಗೆ ಬೇಡ. ಮರಳಿನ ಬದಲು ಗಾಜಿನ ಮಣಿ ಹೊಡೆಸಿದರೂ ಅಷ್ಟೇ. ಕಣಗಳು ಆಯಿಲ್ ದಾರಿಗಳಲ್ಲಿ, ಥ್ರೆಡ್ಡಿನ ತಳದಲ್ಲಿ ಹೂತು ಕೂರುತ್ತವೆ, ತೊಳೆದರೆ ಹೋಗುವುದಿಲ್ಲ. ಎಂಜಿನ್ ಬಿಸಿಯಾಗಿ ಲೋಹ ಹಿಗ್ಗಿದಾಗ ಒಂದೊಂದೇ ಹೊರಬಂದು ಆಯಿಲ್ ಪಂಪು, ಬೇರಿಂಗುಗಳನ್ನು ಅರೆಯುತ್ತವೆ. ಹೊರಮೈ ಹೊಳೆಯಲೇಬೇಕಿದ್ದರೆ ನೀರಿನ ಜೊತೆ ಹೊಡೆಯುವ ವೇಪರ್ ಬ್ಲಾಸ್ಟಿಂಗ್ ಮಾಡಿಸಿ, ಎಲ್ಲ ತೂತುಗಳಿಗೆ ಬಿರಡೆ ಹಾಕಿಸಿ, ಬಂದ ಮೇಲೆ ಪ್ರತಿ ಆಯಿಲ್ ದಾರಿಗೂ ಬಾಟಲಿ ತೊಳೆಯುವಂಥ ಸಣ್ಣ ಬ್ರಷ್ ಹಾಕಿ ಸೋಪು ನೀರಿನಲ್ಲಿ ತೊಳೆದು ಗಾಳಿ ಊದಿ. ಬರೀ ಸೀಮೆಎಣ್ಣೆ ಮತ್ತು ಬ್ರಷ್ಷಿಗೆ ಬರುವಷ್ಟು ಅಂದ ಸಾಕು ಎನ್ನುವವನು ನಾನು.

ಬೇರಿಂಗನ್ನು ಅಲ್ಯೂಮಿನಿಯಂ ಕೇಸಿಂಗಿನಿಂದ ಬಡಿದು ತೆಗೆಯಬಾರದು. ಅಡುಗೆಗೆ ಬಳಸದ ಒಂದು ಓವನ್ನಿನಲ್ಲಿ ಕೇಸಿಂಗನ್ನು 100ರಿಂದ 120 ಡಿಗ್ರಿವರೆಗೆ ಬಿಸಿ ಮಾಡಿ ಮರದ ಹಲಗೆಯ ಮೇಲೆ ಒಮ್ಮೆ ಕುಕ್ಕಿದರೆ ಬೇರಿಂಗ್ ತಾನಾಗಿ ಬೀಳುತ್ತದೆ. ಹೊಸದನ್ನು ಫ್ರೀಜರಿನಲ್ಲಿಟ್ಟು ತೆಗೆದು ಅದೇ ಬಿಸಿ ಕೇಸಿಂಗಿಗೆ ಬಿಟ್ಟರೆ ಸುತ್ತಿಗೆಯ ಕೆಲಸವೇ ಇಲ್ಲ. ಜೋಡಿಸುವಾಗ ಸಿಲಿಕೋನ್ ಗ್ಯಾಸ್ಕೆಟ್ ಅಂಟನ್ನು ಧಾರಾಳವಾಗಿ ಬಳಿಯುವ ಚಟ ಬೇಡ. ಹೊರಗೆ ಇಣುಕುವಷ್ಟೇ ಅಂಟು ಒಳಗೂ ಇಣುಕಿರುತ್ತದೆ, ಅದು ಕಳಚಿ ಆಯಿಲ್ ಜಾಲರಿಗೆ ಹೋಗುತ್ತದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಕ್ರ್ಯಾಂಕಿನ ಎರಡೂ ಆಯಿಲ್ ಸೀಲುಗಳನ್ನು ಕಣ್ಣು ಮುಚ್ಚಿ ಬದಲಾಯಿಸಿ. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಎಂಜಿನ್ನಿಗೆ ಎಳೆದುಕೊಂಡು ಬಿಳಿ ಹೊಗೆ ನಿಲ್ಲುವುದೇ ಇಲ್ಲ. ಮ್ಯಾಗ್ನೆಟ್ಟು ಅಥವಾ ಡೈನಮೋ ಕಡೆಯದು ಹೋಗಿದ್ದರೆ ಇನ್ನೂ ಕೆಟ್ಟದ್ದು, ಗಾಳಿ ಎಳೆದು ಮಿಶ್ರಣ ತೆಳುವಾಗಿ ಪಿಸ್ಟನ್ ಸೀಜ್ ಆಗುತ್ತದೆ. ಜನ ಕಾರ್ಬ್ಯುರೇಟರನ್ನು ಬೈಯುತ್ತಾ ಕೂರುತ್ತಾರೆ.

ಕಾರ್ಬ್ಯುರೇಟರ್ ವಿಷಯಕ್ಕೆ ಬಂದರೆ, ಜೆಟ್ಟಿಗೆ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡಿಗೆ) ತಂತಿ ಚುಚ್ಚಬಾರದು ಎಂದು ನಿಮ್ಮ ಲೇಖಕರು ಬರೆದಿದ್ದು ಸರಿಯೇ. ಹಿತ್ತಾಳೆಯ ಜೆಟ್ ಮೆತ್ತಗೆ, ನೂರಾಂಶ ಅಗಲವಾದರೂ ಗಾಡಿ ಪೆಟ್ರೋಲ್ ಕುಡಿಯುತ್ತದೆ. ಆದರೆ ಒಂದು ಅಪವಾದ ಹೇಳಬೇಕಿತ್ತು. 1967ರಲ್ಲಿ ಬಂದ ಆಮಲ್ ಕಾನ್ಸೆಂಟ್ರಿಕ್ ಕಾರ್ಬ್ಯುರೇಟರುಗಳಲ್ಲಿ ಹಲವಕ್ಕೆ ಪೈಲಟ್ ಜೆಟ್ (ಐಡಲ್ ವೇಗದ ಜೆಟ್) ಬಿಚ್ಚಿ ತೆಗೆಯುವಂಥದ್ದಲ್ಲ, ಬಾಡಿಯೊಳಗೆ ಒತ್ತಿ ಕೂರಿಸಿದ ಚಿಕ್ಕ ಬುಷ್. ಪೈಲಟ್ ಏರ್ ಸ್ಕ್ರೂ ತೆಗೆದು ಅದೇ ತೂತಿನ ಮೂಲಕ ಆಳಕ್ಕೆ ಹೋಗಬೇಕು. ಅದರ ರಂಧ್ರ 0.016 ಇಂಚು, ಗಾಳಿ, ಸ್ಪ್ರೇ ಯಾವುದಕ್ಕೂ ಬಗ್ಗದಿದ್ದರೆ 78ನೇ ನಂಬರಿನ ಡ್ರಿಲ್ಲನ್ನು ಉದ್ದ ಹಿಡಿಕೆಗೆ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿಯೇ ಬಿಡಿಸಬೇಕು. ಐಡಲ್ ನಿಲ್ಲದ ಎಷ್ಟೋ ಗಾಡಿಗಳ ರೋಗ ಇದೊಂದೇ. ಅದೇ ಕಾರ್ಬ್ಯುರೇಟರಿನ ಎರಡು ನಟ್ಟುಗಳನ್ನು ಅತಿಯಾಗಿ ಬಿಗಿದರೆ ಫ್ಲಾಂಜ್ ಬಾಗಿ ಸ್ಲೈಡ್ ಸಿಕ್ಕಿಕೊಳ್ಳುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯುವುದಿಲ್ಲ.

ಟ್ಯಾಂಕಿನ ಒಳಗಿನ ತುಕ್ಕಿಗೆ ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡ್ ಬೇಡ. ಅದು ತುಕ್ಕಿನ ಜೊತೆ ಒಳ್ಳೆಯ ತಗಡನ್ನೂ ತಿನ್ನುತ್ತದೆ, ಅದರ ಹೊಗೆ ಗ್ಯಾರೇಜಿನಲ್ಲಿರುವ ಸ್ಪ್ಯಾನರುಗಳಿಗೆಲ್ಲ ತುಕ್ಕು ಹಿಡಿಸುತ್ತದೆ. ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಸಾಕು. ಹತ್ತು ಲೀಟರ್ ಟ್ಯಾಂಕಿಗೆ ಅರ್ಧ ಕೆ.ಜಿ. ಬಿಸಿ ನೀರಿನಲ್ಲಿ ಕರಗಿಸಿ, ಪೆಟ್ರೋಲ್ ಕಾಕ್ ಮತ್ತು ಮುಚ್ಚಳ ತೆಗೆದು, ತೂತಿಗೆ ರಬ್ಬರ್ ಬಿರಡೆ ಹಾಕಿ, ಕತ್ತಿನವರೆಗೂ ತುಂಬಿ. ಅರ್ಧ ತುಂಬಿದರೆ ನೀರಿನ ಮಟ್ಟದಲ್ಲೇ ಒಂದು ಗೆರೆ ಉಳಿಯುತ್ತದೆ. ಒಂದು ಹಗಲು ಒಂದು ರಾತ್ರಿ ಬಿಟ್ಟು ಸುರಿದು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆಯಿರಿ. ಒಣಗಿಸುವುದರಲ್ಲೇ ಎಲ್ಲ ಕೆಡುವುದು: ತೊಳೆದ ಹತ್ತೇ ನಿಮಿಷದಲ್ಲಿ ಒಳಗೆ ಕಿತ್ತಳೆ ಬಣ್ಣ ಮತ್ತೆ ಹತ್ತುತ್ತದೆ. ಹಾಗಾಗಿ ಹೇರ್ ಡ್ರೈಯರ್ ಮೊದಲೇ ಸಿದ್ಧವಿರಲಿ, ಒಣಗಿದೊಡನೆ ಒಂದು ಲೋಟ ಟೂ ಸ್ಟ್ರೋಕ್ ಆಯಿಲ್ ಹಾಕಿ ಎಲ್ಲ ಮೂಲೆಗೂ ಉರುಳಾಡಿಸಿ. ಟ್ಯಾಂಕಿನಲ್ಲಿ ಪೆಟ್ರೋಲಿನ ಆವಿ ಇರುವ ತನಕ ಹೇರ್ ಡ್ರೈಯರ್ ಹತ್ತಿರ ತರಬೇಡಿ. ಸೋಪು ನೀರಿನಲ್ಲಿ ಎರಡು ಮೂರು ಸಲ ತೊಳೆದಾದ ಮೇಲಷ್ಟೇ ಈ ಕೆಲಸ. ದಪ್ಪ ತುಕ್ಕು ಉದುರಿಸಲು ಒಳಗೆ ನಟ್ಟು ಹಾಕಿ ಅಲ್ಲಾಡಿಸುವವರು ಎಣಿಸಿ ಹಾಕಿ, ಎಣಿಸಿ ತೆಗೆಯಲಿ. ಎಲೆಕ್ಟ್ರಾಲಿಸಿಸ್ ಮಾಡುವವರು ಬ್ಯಾಟರಿ ಚಾರ್ಜರಿನ ಮೈನಸ್ಸನ್ನು ಟ್ಯಾಂಕಿಗೆ, ಪ್ಲಸ್ಸನ್ನು ಮಾಮೂಲಿ ಕಬ್ಬಿಣದ ಸರಳಿಗೆ ಕೊಡಲಿ, ಸರಳು ಟ್ಯಾಂಕಿಗೆ ತಾಗದಿರಲಿ. ಸ್ಟೇನ್‌ಲೆಸ್ ಸ್ಟೀಲ್ ಸರಳು ಖಂಡಿತ ಕೂಡದು, ಅದರಲ್ಲಿರುವ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪು, ಫೈಬರ್ ಟ್ಯಾಂಕು, ಕೆಲವು ಹಳೆ ಟ್ಯಾಂಕ್ ಲೇಪನಗಳನ್ನು ಮೆತ್ತಗೆ ಮಾಡುತ್ತದೆ. ಪೈಪುಗಳನ್ನು ಅದಕ್ಕೆ ತಡೆಯುವ ಹೊಸ ರಬ್ಬರಿನವೇ ಹಾಕಿ, ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕೂ ಕಾರ್ಬ್ಯುರೇಟರೂ ಖಾಲಿ ಇರಲಿ.

ವೈರಿಂಗ್ ಬಗ್ಗೆ ಜನಕ್ಕೆ ಇರುವ ಭಯ ಅನಗತ್ಯ, ಆದರೆ ಆರು ವೋಲ್ಟಿನ ಗಾಡಿಯಲ್ಲಿ ಒಂದು ಲೆಕ್ಕ ನೆನಪಿರಲಿ. 35 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಮೂರು ಆಂಪಿಯರ್‌ಗೂ ಕಡಿಮೆ ಎಳೆದರೆ 6 ವೋಲ್ಟಿನಲ್ಲಿ ಆರರ ಹತ್ತಿರ ಎಳೆಯುತ್ತದೆ. ವಿದ್ಯುತ್ ಇಮ್ಮಡಿಯಾದಂತೆ ಸಡಿಲ ಕನೆಕ್ಷನ್ನಿನಲ್ಲಿ ಸೋರುವ ವೋಲ್ಟೇಜೂ ಇಮ್ಮಡಿ, ಅದೂ ಮೊದಲೇ ಇರುವುದು ಬರೀ ಆರರಲ್ಲಿ. 'ಹಳೆ ಗಾಡಿ, ಲೈಟ್ ಇಷ್ಟೇ' ಎನ್ನುವ ಮಾತಿನ ಹಿಂದೆ ಬಹುತೇಕ ಕೆಟ್ಟ ಅರ್ಥಿಂಗ್ ಇರುತ್ತದೆ. ಹೊಸದಾಗಿ ಬಣ್ಣ ಅಥವಾ ಪೌಡರ್ ಕೋಟಿಂಗ್ ಆದ ಫ್ರೇಮು ಅರ್ಥ್ ಆಗುವುದೇ ಇಲ್ಲ. ಹೆಡ್‌ಲೈಟಿನಿಂದ, ಹಿಂದಿನ ಲೈಟಿನಿಂದ ಬ್ಯಾಟರಿಯವರೆಗೆ ಪ್ರತ್ಯೇಕ ವೈರು ಎಳೆಯಿರಿ. ಲ್ಯೂಕಾಸ್ ಕಂಪನಿಯ ವಿದ್ಯುತ್ ಸಾಮಾನು ಇರುವ ಹಲವು ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗುತ್ತದೆ. ಅಭ್ಯಾಸಬಲದಿಂದ ಮೈನಸ್ ಕೊಟ್ಟರೆ ರೆಕ್ಟಿಫೈಯರ್ ಆ ಕ್ಷಣವೇ ಹೋಗುತ್ತದೆ. ಮೊದಲ ಸಲ ಬ್ಯಾಟರಿ ಕೊಡುವಾಗ ಫ್ಯೂಸಿನ ಜಾಗದಲ್ಲಿ ಅದೇ ವೋಲ್ಟಿನ ಹೆಡ್‌ಲೈಟ್ ಬಲ್ಬು ಸಿಕ್ಕಿಸಿ. ಎಲ್ಲ ಸ್ವಿಚ್ ಆಫ್ ಇದ್ದಾಗಲೂ ಆ ಬಲ್ಬು ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ ಎಂದರ್ಥ. ಸುಡುವುದೇನೂ ಇಲ್ಲ, ನಿಧಾನವಾಗಿ ಹುಡುಕಬಹುದು. ಮ್ಯಾಗ್ನೆಟೋ (ಬ್ಯಾಟರಿಯಿಲ್ಲದೆ ಕಿಡಿ ಕೊಡುವ ಸಾಧನ) ಇರುವ ಗಾಡಿ ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಕಿಡಿ ಬಿಡುವುದನ್ನು ನಿಲ್ಲಿಸಿದರೆ ಒಳಗಿನ ಕಂಡೆನ್ಸರ್ ಅಥವಾ ಸುರುಳಿಯ ಹಳೆ ಅರಗು ಕಾರಣ. ಅದನ್ನು ಮನೆಯಲ್ಲಿ ಸುತ್ತಲು ಹೋಗಬೇಡಿ, ಬಲ್ಲವರಿಗೆ ಕೊಡಿ.

ಇಗ್ನಿಷನ್ ಟೈಮಿಂಗಿಗೆ ಪಿಸ್ಟನ್ನಿನ ಮೇಲ್ತುದಿಯನ್ನು ಕಡ್ಡಿ ಇಟ್ಟು ಅಂದಾಜಿನಲ್ಲಿ ಹಿಡಿಯುವುದು ಸಾಲದು, ಏಕೆಂದರೆ ಅಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದ್ದು ಕಾಣುವುದಿಲ್ಲ. ಕ್ರ್ಯಾಂಕಿಗೆ ಡಿಗ್ರಿ ತಟ್ಟೆ ಕೂರಿಸಿ, ಪ್ಲಗ್ ತೂತಿನಲ್ಲಿ ಪಿಸ್ಟನ್ನಿಗೆ ತಡೆಯಾಗುವ ಸ್ಟಾಪ್ ಹಾಕಿ. ಒಮ್ಮೆ ಮುಂದಕ್ಕೆ ತಿರುಗಿಸಿ ತಡೆದ ಕಡೆ, ಒಮ್ಮೆ ಹಿಂದಕ್ಕೆ ತಿರುಗಿಸಿ ತಡೆದ ಕಡೆ ಗುರುತು ಮಾಡಿದರೆ ಎರಡರ ನಟ್ಟನಡುವೆ ಇರುವುದೇ ನಿಜವಾದ ಮೇಲ್ತುದಿ. ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ಸಂಪರ್ಕ) ಸಂದನ್ನು ಮೊದಲು ಸರಿಮಾಡಿ, ಟೈಮಿಂಗ್ ಆಮೇಲೆ. ಸಂದು ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಕಾಯಿಲ್ ಇರುವ ಗಾಡಿಗಳಲ್ಲಿ ಪಾಯಿಂಟ್ ಸಂದು ಸಾಮಾನ್ಯವಾಗಿ 0.35ರಿಂದ 0.40, ಲ್ಯೂಕಾಸ್ ಮ್ಯಾಗ್ನೆಟೋಗೆ 0.30 ಮಿ.ಮೀ.

ಚಕ್ರ ಮತ್ತು ಬ್ರೇಕು. ಹಳೆಯ ಬ್ರೇಕ್ ಶೂಗಳ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಬಹಳ. ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದಬೇಡಿ, ಬಾಯಿಂದ ಅಂತೂ ಬೇಡವೇ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ನಿಮ್ಮ ಬರಹದಲ್ಲಿ ಕಂಪ್ರೆಸರ್ ಗಾಳಿಯಿಂದ ಡ್ರಮ್ ಸ್ವಚ್ಛ ಮಾಡುವ ಚಿತ್ರವೇ ಇತ್ತು. ದಯವಿಟ್ಟು ಅದಕ್ಕೊಂದು ತಿದ್ದುಪಡಿ ಹಾಕಿ. ಹೊಸ ರಿಮ್ಮು, ಸ್ಪೋಕು ಹಾಕುವವರು ಡ್ರಮ್ಮನ್ನು ಲೇತಿಗೆ ಕೊಡುವ ಮುಂಚೆ ಸ್ಪೋಕು ಕಟ್ಟಿ ಪೂರ್ತಿ ಬಿಗಿ ಮಾಡಿರಬೇಕು. ಸ್ಪೋಕಿನ ಎಳೆತಕ್ಕೆ ಡ್ರಮ್ಮು ಕೂದಲಷ್ಟು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಮೊದಲೇ ತಿರುವಿಸಿದರೆ ಆ ದುಡ್ಡು ನೀರಿಗೆ, ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ಮಿಡಿಯುತ್ತಲೇ ಇರುತ್ತದೆ. ಚಕ್ರ ಹಾಕುವಾಗ ಆಕ್ಸಲ್ ನಟ್ಟು ಸಡಿಲವಿದ್ದಾಗಲೇ ಬ್ರೇಕ್ ಗಟ್ಟಿಯಾಗಿ ಹಿಡಿದುಕೊಂಡು ನಟ್ಟು ಬಿಗಿಯಿರಿ, ಆಗ ಎರಡೂ ಶೂ ಡ್ರಮ್ಮಿನ ನಡುವೆ ಕೂರುತ್ತವೆ. ಟೈರಿನ ಗುಂಡಿ ಆಳವಿದೆ ಎಂದು ಹಳೆ ಟೈರು ಉಳಿಸಿಕೊಳ್ಳಬೇಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇದ್ದರೆ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಎಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ತಿಪ್ಪೆಗೆ ಹಾಕಿ.

ಇಷ್ಟಾದ ಮೇಲೆ ಬಣ್ಣವಿಲ್ಲದ ಫ್ರೇಮಿನ ಮೇಲೆ ಎಲ್ಲವನ್ನೂ ಜೋಡಿಸಿ. ಮಡ್‌ಗಾರ್ಡಿಗೂ ಟೈರಿಗೂ ಸಂದು ಸಾಕೇ, ಹೊಸ ಸೈಲೆನ್ಸರ್ ಫುಟ್‌ರೆಸ್ಟಿಗೆ ತಾಗುತ್ತದೆಯೇ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕೇಬಲ್ ಎಳೆದು ಎಂಜಿನ್ ರೈಸ್ ಆಗುತ್ತದೆಯೇ, ಚೈನು ಎರಡು ಸ್ಪ್ರಾಕೆಟ್ಟಿಗೂ ನೇರವಿದೆಯೇ? ಹೊಸದಾಗಿ ಮಾಡಿದ ನಕಲಿ ಬಿಡಿಭಾಗಗಳ ತೂತುಗಳು ಮೂಲ ತೂತುಗಳಿಗೆ ಸಾಲುಗೂಡುವುದು ಅಪರೂಪ. ತೂತು ಅಗಲಿಸುವುದು, ಬ್ರ್ಯಾಕೆಟ್ ಬಗ್ಗಿಸುವುದು, ವೆಲ್ಡ್ ಮಾಡಿಸುವುದು ಎಲ್ಲ ಈಗಲೇ ಮುಗಿಯಲಿ. ಆಮೇಲೆ ಬಿಚ್ಚಿ ಬಣ್ಣಕ್ಕೆ ಕಳಿಸಿ. ಪೌಡರ್ ಕೋಟಿಂಗ್ 60ರಿಂದ 100 ಮೈಕ್ರಾನ್ ದಪ್ಪ ಕೂರುತ್ತದೆ. ಸ್ಟೀರಿಂಗ್ ಬೇರಿಂಗಿನ ಬಟ್ಟಲು ಕೂರುವ ಜಾಗ, ಎಂಜಿನ್ ಮೌಂಟಿಂಗ್ ಮುಖ, ಥ್ರೆಡ್ಡು, ಫ್ರೇಮ್ ನಂಬರು ಇವನ್ನೆಲ್ಲ ಮುಚ್ಚಿಸಿಯೇ ಕೊಡಿ. ಆಕ್ಸಲ್, ಸ್ಪ್ರಿಂಗು, ಗಡಸು ಬೋಲ್ಟುಗಳನ್ನು ಹೊಳಪಿನ ಆಸೆಗೆ ಕ್ರೋಮಿಗೆ ಕೊಡಬೇಡಿ. ಪ್ಲೇಟಿಂಗ್ ತೊಟ್ಟಿಯಲ್ಲಿ ಉಕ್ಕು ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತದೆ, ಆಮೇಲೆ ಯಾವುದೋ ದಿನ ಸೂಚನೆಯಿಲ್ಲದೆ ತುಂಡಾಗುತ್ತದೆ. ಗ್ಯಾರೇಜಿನಲ್ಲೇ ಸ್ಪ್ರೇ ಮಾಡುವವರಿಗೆ ಒಂದು ಎಚ್ಚರಿಕೆ: ಹಾರ್ಡನರ್ ಬೆರೆಸುವ ಟೂಕೆ ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ. ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ, ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡವೇ ಬೇಕು. ಅದಿಲ್ಲದವರು ಬಣ್ಣವನ್ನು ಹೊರಗೆ ಮಾಡಿಸಲಿ. ಹಾಗೆಯೇ ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಲ್ಲಿ ತೊಳೆದ ಲೋಹಕ್ಕೆ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ.

ಬಣ್ಣಕ್ಕೆ ಮುಂಚೆಯೇ ಆಗಬೇಕಾದ ಮೊದಲ ಸ್ಟಾರ್ಟಿಗೆ ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ತನ್ನಿ, ಮುಚ್ಚಿದ ಬಾಗಿಲಿನೊಳಗೆ ಕಾರ್ಬನ್ ಮೊನಾಕ್ಸೈಡಿಗೆ ಐದು ನಿಮಿಷ ಸಾಕು. ಪ್ಲಗ್ ತೆಗೆದು, ಆಯಿಲ್ ಟ್ಯಾಂಕಿಗೆ ಮರಳುವುದು ಕಾಣುವ ತನಕ ಕಿಕ್ ಮಾಡಿ. ಆಯಿಲ್ ಟ್ಯಾಂಕ್ ಬೇರೆಯಿರುವ ಬ್ರಿಟಿಷ್ ಎಂಜಿನ್ನುಗಳಲ್ಲಿ ಗಾಡಿ ವಾರಗಟ್ಟಲೆ ನಿಂತಾಗ ಆಯಿಲ್ ಪಂಪ್ ದಾಟಿ ಕೆಳಗಿಳಿದು ಕ್ರ್ಯಾಂಕ್ ಕೇಸ್ ತುಂಬಿಕೊಂಡಿರುತ್ತದೆ. ಕೆಳಗಿನ ಪ್ಲಗ್ ಬಿಚ್ಚಿ ಅದನ್ನು ಇಳಿಸದೆ ಸ್ಟಾರ್ಟ್ ಮಾಡಿದರೆ ಹೊಗೆಯ ಜೊತೆ ಸೀಲುಗಳೂ ಹೊರಬರುತ್ತವೆ. ಕ್ಲಚ್ಚು ಎಂಜಿನ್ ಆಯಿಲ್ಲಿನಲ್ಲೇ ಮುಳುಗಿರುವ ಗಾಡಿಗೆ ಜಾಸೊ ಎಂಎ ಗುರುತಿನ ಆಯಿಲ್ಲನ್ನೇ ಹಾಕಿ, ಕಾರಿನ ಆಯಿಲ್ಲುಗಳಲ್ಲಿ ಬೆರೆಸುವ ಜಾರುಕ ಕ್ಲಚ್ಚನ್ನು ಜಾರಿಸುತ್ತದೆ. ಹೊಸ ಬೋರಿನ ಎಂಜಿನ್ನನ್ನು ನಿಂತಲ್ಲೇ ಅರ್ಧ ಗಂಟೆ ಐಡಲ್ ಬಿಡುವುದು ಒಳ್ಳೆಯದೆಂಬ ನಂಬಿಕೆ ಹಲವರದ್ದು. ಅದರಿಂದ ಬಿಸಿ ಏರುತ್ತದೆಯೇ ಹೊರತು ರಿಂಗು ಕೂರುವುದಿಲ್ಲ. ಸ್ಟಾರ್ಟ್ ಆದೊಡನೆ ರಸ್ತೆಗಿಳಿಸಿ, ಒಂದೇ ವೇಗಕ್ಕೆ ಅಂಟಿಕೊಳ್ಳದೆ ಸ್ವಲ್ಪ ಎಳೆದು ಸ್ವಲ್ಪ ಬಿಟ್ಟು ಓಡಿಸಿ, ಎಂಜಿನ್ ತಿಣುಕುವಂಥ ಎತ್ತರದ ಗೇರು ಬೇಡ. ಮೊದಲ ಬಿಸಿ ಪೂರ್ತಿ ಆರಿದ ಮೇಲೆ, ಮಾರನೆಯ ದಿನ, ಹೆಡ್ ನಟ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ ಮತ್ತೆ ಟಾರ್ಕ್ ಮಾಡಿ ಟ್ಯಾಪೆಟ್ ಸಂದು ನೋಡಿ. ನೂರು ಕಿ.ಮೀ. ಆದೊಡನೆ ಬಿಸಿ ಇರುವಾಗಲೇ ಆಯಿಲ್ ಇಳಿಸಿ, ಅದನ್ನು ಅಗಲವಾದ ತಟ್ಟೆಗೆ ಸುರಿದು ಬೆಳಕಿಗೆ ಹಿಡಿದು ನೋಡಿ: ಬೂದು ಮಿನುಗು ಇದ್ದರೆ ರಿಂಗು ಕೂರುತ್ತಿದೆ ಎಂದರ್ಥ, ಚಿಂತೆಯಿಲ್ಲ. ಬೆರಳಿಗೆ ಸಿಗುವ ಚೂರುಗಳಿದ್ದರೆ ಗಾಡಿ ನಿಲ್ಲಿಸಿ, ಅಯಸ್ಕಾಂತ ಹಿಡಿದು ಅವು ಉಕ್ಕೋ ಅಲ್ಯೂಮಿನಿಯಮ್ಮೋ ನೋಡಿ. ಎಲ್ಲಿ ಬಿಚ್ಚಬೇಕೆಂಬುದು ಅದರಿಂದಲೇ ತಿಳಿಯುತ್ತದೆ.

ಇತಿ,
ನಿಮ್ಮ ಪತ್ರಿಕೆಯ ಓದುಗ